ಹೆಂಚಿನ ಮನೆಯಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್

ಟಿವಿಗಳು ತೆಳ್ಳಗಾದ ಹಾಗೆಲ್ಲ ಅವುಗಳ ದನಿಯೂ ಸೊರಗುತ್ತಾ ಬಂದಿದೆ. ಹಳೇ ಡಬ್ಬಾ ಟಿವಿಯಲ್ಲಿ ಸ್ಪೀಕರ್ ನಮ್ಮ ಕಡೆಗೇ ಮುಖ ಮಾಡಿ ಕೂತಿರುತ್ತಿತ್ತು. ಈಗ ಬೆರಳಷ್ಟು ದಪ್ಪದ ಜಾಗದಲ್ಲಿ ಅದನ್ನು ತುರುಕಿ, ಬಾಯಿ ಕೆಳಕ್ಕೋ ಹಿಂದಕ್ಕೋ ತಿರುಗಿಸಿರುತ್ತಾರೆ. ದನಿ ಗೋಡೆಗೆ ಬಡಿದು ನಮ್ಮ ಹತ್ತಿರ ಬರಬೇಕು. ಚುರುಕು ಕಿವಿಯವರಿಗೆ ಇದು ಹೇಗೋ ನಡೆಯುತ್ತದೆ. ನಮ್ಮ ಅತ್ತೆಗೆ ನಡೆಯುತ್ತಿರಲಿಲ್ಲ.

ಅತ್ತೆಗೆ ಎಪ್ಪತ್ತು ದಾಟಿದೆ. ಕಿವಿ ಪೂರ್ತಿ ಮಂದವೇನಲ್ಲ, ಎದುರು ಕೂತು ಮಾತಾಡಿದರೆ ಎಲ್ಲ ಕೇಳುತ್ತದೆ. ಆದರೆ ಸಿನಿಮಾದಲ್ಲಿ ಮಾತಿನ ಹಿಂದೆ ಸಂಗೀತ ಶುರುವಾಯಿತೋ, ಅಲ್ಲಿಗೆ ಮುಗಿಯಿತು. "ಏನಂದ ಅವ್ನು? ಏನಂದ?" ಎಂದು ಕೇಳುತ್ತಿದ್ದರು. ಸೌಂಡ್ ಜಾಸ್ತಿ ಮಾಡಿದರೆ ಫೈಟ್ ಬಂದಾಗ ಕೂರಲಾಗದಷ್ಟು ಗದ್ದಲ. ಕಡಿಮೆ ಮಾಡಿದರೆ ಮಾತು ಮಾಯ. ಬರುಬರುತ್ತಾ ಅವರು ಸಿನಿಮಾ ನೋಡುವುದನ್ನೇ ಬಿಟ್ಟರು. ನಾವೆಲ್ಲ ನಡುಮನೆಯಲ್ಲಿ ಕೂತರೆ ಅವರು ಒಳಗೆ ಹೋಗಿ ಮಲಗಿಬಿಡುತ್ತಿದ್ದರು. ಅದು ನನಗೆ ಬಹಳ ಚುಚ್ಚುತ್ತಿತ್ತು. ಮನೆಗೆ ಒಳ್ಳೇ ಸೌಂಡ್ ಸಿಸ್ಟಮ್ ತರಬೇಕು ಎಂದು ನಾನು ಹಟ ಹಿಡಿದದ್ದು ಮುಖ್ಯವಾಗಿ ಇದಕ್ಕೇ. ಮಗನಿಗೆ ಗೇಮ್ ಹುಚ್ಚು, ನನಗೆ ಹಾಡಿನ ಹುಚ್ಚು. ಅವು ಆಮೇಲಿನ ಕಾರಣಗಳು.

ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕಡಿಮೆಯಾಗುವುದು ಏರು ದನಿ, ಅಂದರೆ ತೆಳು ಕೀರಲು ದನಿ, ಕೇಳುವ ಶಕ್ತಿ. ಸ, ಶ, ಚ, ತ ಇಂಥ ಅಕ್ಷರಗಳ ಗುರುತು ಇರುವುದೇ ಅಲ್ಲಿ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದೆ, ಏನು ಮಾತಾಡಿದರು ಎಂದು ಬಿಡಿಸಿ ಕೇಳುವುದಿಲ್ಲ. ಬರೀ ಸೌಂಡ್ ಏರಿಸಿದರೆ ಪ್ರಯೋಜನವಿಲ್ಲ, ಮಾತನ್ನು ಬೇರೆ ಸದ್ದಿನಿಂದ ಬಿಡಿಸಿ ಕೊಡಬೇಕು. 5.1 ಎಂದು ಕರೆಯುವ ವ್ಯವಸ್ಥೆಯಲ್ಲಿ ಅದಕ್ಕೊಂದು ದಾರಿಯಿದೆ. ಮುಂದೆ ಎಡ, ಬಲ, ನಡುವೆ ಒಂದು ಸೆಂಟರ್, ಹಿಂದೆ ಎರಡು, ಹೀಗೆ ಐದು ಸ್ಪೀಕರ್. ಗುಡುಗುವ ಸದ್ದಿಗೆ ಒಂದು ಸಬ್‌ವೂಫರ್, ಅದೇ ಆ '.1'. ಸಿನಿಮಾದ ಮಾತು ಬಹುಪಾಲು ಸೆಂಟರ್ ಸ್ಪೀಕರಿನಲ್ಲೇ ಬರುತ್ತದೆ. ಅದೊಂದನ್ನೇ ಬೇಕಾದಷ್ಟು ಏರಿಸಿಕೊಳ್ಳಬಹುದು.

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಮೊದಲು, ಟಿವಿಯ ಕೆಳಗೆ ಉದ್ದಕ್ಕೆ ಇಡುವ ಪಟ್ಟಿಯಂಥ ಸ್ಪೀಕರ್ ಆದ ಸೌಂಡ್‌ಬಾರ್ ಕೇಳಿ ನೋಡಿದೆವು. ಕಡಿಮೆ ಜಾಗ, ಒಂದೇ ವೈರು, ನೋಡಲೂ ಚೆಂದ. ಫ್ಲಾಟಿನಲ್ಲಿ ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಂಗಡಿಯವರು ಹೊಗಳಿ ತೋರಿಸಿದ್ದು ಅಟ್ಮಾಸ್ ಇರುವ ಸೌಂಡ್‌ಬಾರ್. ಡಾಲ್ಬಿ ಕಂಪನಿಯ ಅಟ್ಮಾಸ್ 2012ರಲ್ಲಿ ಥಿಯೇಟರಿಗೆ ಬಂತು, ಆಮೇಲೆ ಮನೆಗೂ ಇಳಿಯಿತು. ತಲೆಯ ಮೇಲಿಂದಲೂ ಸದ್ದು ಬರಬೇಕು ಅನ್ನುವುದು ಅದರ ಆಸೆ. ಇಂಥ ಸೌಂಡ್‌ಬಾರಿನಲ್ಲಿ ಮೇಲಕ್ಕೆ ಮುಖ ಮಾಡಿದ ಸ್ಪೀಕರ್ ಇರುತ್ತದೆ. ಸದ್ದು ತಾರಸಿಗೆ ಬಡಿದು ಕೆಳಗೆ ಬರುತ್ತದೆ. ಅದಕ್ಕೆ ತಾರಸಿ ಚಪ್ಪಟೆಯಾಗಿರಬೇಕು, ಗಟ್ಟಿಯಾಗಿರಬೇಕು. ನಮ್ಮದು ಹಿರೇಮಗಳೂರಿನ ಕಡೆಯ ಹಳೇ ಹೆಂಚಿನ ಮನೆ. ಇಳಿಜಾರು ಮಾಡು, ತೊಲೆ, ರೀಪು, ಮೇಲೆ ಮಂಗಳೂರು ಹೆಂಚು. ಮೇಲಕ್ಕೆ ಹೋದ ಸದ್ದು ಎಲ್ಲಿಗೋ ಹೋಗುತ್ತದೆ. ಕೆಲಸ ಮಾಡದ ಸ್ಪೀಕರಿಗೆ ದುಡ್ಡು ಯಾಕೆ? ಎಲ್ಲ ಸ್ಪೀಕರುಗಳಿಗೂ ದನಿ ಹಂಚಿ ಕೊಡುವ ರಿಸೀವರ್ ಒಂದು, ಬಿಡಿ ಸ್ಪೀಕರ್ ಐದು, ಸಬ್‌ವೂಫರ್ ಒಂದು ಎಂದು ತೀರ್ಮಾನಿಸಿದೆವು. ಸೆಂಟರ್ ಸ್ಪೀಕರಿಗೆ ಕೈ ಬಿಗಿ ಹಿಡಿಯಲಿಲ್ಲ. ಹಿಂದಿನ ಎರಡು ಸಣ್ಣವೇ ಸಾಕು.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಮಲೆನಾಡಿನ ಗಾಳಿಯಲ್ಲಿ ಕಾಗದದ ಕೋನ್ (ಅದುರಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ಇರುವ ಸ್ಪೀಕರಿಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬಿಡದ ಬೂಷ್ಟು ಇದನ್ನು ಬಿಡುತ್ತದೆಯೇ? ಹಾಗಾಗಿ ಪಾಲಿಪ್ರೊಪಿಲೀನ್ ಕೋನ್ ಇರುವುದನ್ನೇ ಹುಡುಕಿದೆವು. ಅದು ನೀರು ಹೀರುವುದಿಲ್ಲ. ಇದು ಗಟ್ಟದ ಮೇಲಿನವರಿಗೆಲ್ಲ ಉಪಯೋಗಕ್ಕೆ ಬರುವ ಮಾತು.

ವೈರನ್ನು ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ತಂದೆವು. ಸ್ಪೀಕರ್ ವೈರಿನಲ್ಲಿ ಗೇಜ್ ನಂಬರ್ ಕಡಿಮೆಯಾದಷ್ಟೂ ತಂತಿ ದಪ್ಪ. ಮುಂದಿನವಕ್ಕೆ 16 ಗೇಜ್, ಹಿಂದಕ್ಕೆ ಉದ್ದ ಎಳೆಯಬೇಕಾದ್ದರಿಂದ 14 ಗೇಜ್. ಕೊಳ್ಳುವ ಮೊದಲು ತುದಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ನೋಡಲು ಪೂರ್ತಿ ತಾಮ್ರದ ಹಾಗೇ ಇರುತ್ತದೆ, ವಿದ್ಯುತ್ತಿಗೆ ಮಾತ್ರ ಜಾಸ್ತಿ ಅಡ್ಡಿ. ಒಳಗೂ ಕೆಂಪಗಿರುವ ವೈರೇ ಬೇಕು.

ಸ್ಟ್ಯಾಂಡುಗಳನ್ನು ನಮ್ಮ ಆಚಾರ್ರ ಕೈಲಿ ಮಾಡಿಸಿದೆವು. ತೋಟದಲ್ಲಿ ಕಾಫಿಗೆ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಇಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಹಲಗೆಯಲ್ಲಿ ಟೊಳ್ಳು ಕಂಬ ಮಾಡಿ, ಒಣಗಿಸಿದ ಮರಳು ತುಂಬಿಸಿದರು. ಮರಳು ತುಂಬಿದ ಕಂಬ ಅದುರುವುದಿಲ್ಲ. "ಏನಮ್ಮಾ, ಹಾಡು ಹೇಳೋ ಡಬ್ಬಕ್ಕೆ ಇಷ್ಟೊಂದು ಪಾಯ ಬೇಕಾ?" ಅಂದರು ಆಚಾರ್ರು. ಕೆಲಸ ಮಾತ್ರ ಬಲು ಚೊಕ್ಕ. ಕೂತಾಗ ಕಿವಿ ಎಷ್ಟು ಎತ್ತರದಲ್ಲಿ ಇರುತ್ತದೋ ಸ್ಪೀಕರಿನ ಸಣ್ಣ ಬಾಯಿ, ಅಂದರೆ ಟ್ವೀಟರ್, ಸರಿಯಾಗಿ ಅಷ್ಟೇ ಎತ್ತರಕ್ಕೆ ಬಂತು.

ನೆಲ ಕೆಂಪು ರೆಡ್ ಆಕ್ಸೈಡಿನದು, ಮಾವನ ಕಾಲದ್ದು. ಅದನ್ನು ಕೊರೆಯುವ ಮಾತೇ ಇಲ್ಲ. ವೈರನ್ನು ಗೋಡೆಯ ಬುಡದಲ್ಲಿ ಕೇಸಿಂಗ್ ಪಟ್ಟಿಯೊಳಗೆ ತಂದು, ಬಾಗಿಲು ಬಂದ ಕಡೆ ಚೌಕಟ್ಟಿನ ಮೇಲೆ ಹತ್ತಿಸಿ ಆಚೆ ಇಳಿಸಿದರು ಎಲೆಕ್ಟ್ರಿಷಿಯನ್. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಕೂರಿಸುವುದನ್ನು ನಾನು ನಿಂತು ನೋಡಿಕೊಂಡೆ. ಒಂದು ಸ್ಪೀಕರಿಗೆ ಇದು ಅದಲು ಬದಲಾದರೆ ಒಂದರ ಕೋನ್ ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಹೋಗುತ್ತದೆ. ಮಂದ್ರದ ದನಿ ಕರಗಿಹೋಗುತ್ತದೆ, ಹಾಡುವವರು ಎಲ್ಲಿ ನಿಂತಿದ್ದಾರೆ ಎಂಬುದೇ ತಿಳಿಯುವುದಿಲ್ಲ.

ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಗುಂಯ್ ಎಂಬ ಸದ್ದು. ಗೂಡೊಳಗೆ ಜೇನು ಕೂತ ಹಾಗೆ, ಒಂದೇ ಸಮ. ಸೌಂಡ್ ಸೊನ್ನೆಗೆ ಇಳಿಸಿದರೂ ಹೋಗಲಿಲ್ಲ. ಅರ್ತಿಂಗ್ ಸರಿಯಿಲ್ಲವೇನೋ ಎಂದು ಎಲೆಕ್ಟ್ರಿಷಿಯನ್ ಹಿತ್ತಲಿನ ಗುಂಡಿಗೆ ನೀರು ಹುಯ್ದು ನೋಡಿದರು. ಆಗಲೂ ಗುಂಯ್. ಆಮೇಲೆ ಒಂದೊಂದೇ ವೈರು ಕಿತ್ತು ನೋಡುತ್ತಾ ಬಂದೆವು. ಕೇಬಲ್ ಟಿವಿಯ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಡಿಸಿದ ಕ್ಷಣ ಮನೆ ನಿಶ್ಶಬ್ದ. ಮತ್ತೆ ಸಿಕ್ಕಿಸಿದರೆ ಗುಂಯ್. ಕಂಬದಿಂದ ಬರುವ ಆ ವೈರಿನ ಹೊರಕವಚಕ್ಕೆ ಅದರದೇ ಬೇರೆ ಭೂಮಿ ಸಂಪರ್ಕ ಇರುತ್ತದೆ. ನಮ್ಮ ಮನೆಯ ಅರ್ತಿಂಗ್ ಬೇರೆ. ಎರಡರ ನಡುವೆ ಸಣ್ಣ ಕರೆಂಟ್ ಸುತ್ತು ಹೊಡೆದು, ನಮ್ಮ ವಿದ್ಯುತ್ತಿನ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲದ ಅದುರಾಟ, ಸದ್ದಾಗಿ ಸ್ಪೀಕರಿನಲ್ಲಿ ಕೇಳುತ್ತದೆ. ಇದಕ್ಕೆ ಆ ವೈರಿನ ಮಧ್ಯೆ ಕೂರಿಸುವ ಪುಟ್ಟ ಐಸೊಲೇಟರ್ ಸಿಗುತ್ತದೆ. ಅದನ್ನು ಹಾಕಿದ ಮೇಲೆ ತೊಂದರೆಯಿಲ್ಲ. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ ಕೀಳುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಜೀವಕ್ಕೆ ಕುತ್ತು.

ಕೂರಿಸುವ ಕೆಲಸಕ್ಕೆ ಬರುತ್ತೇನೆ. ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇರುವುದು ಇಲ್ಲೇ. ಎಷ್ಟು ದುಡ್ಡಿನ ಸ್ಪೀಕರ್ ಎಂಬುದಕ್ಕಿಂತ ಕೋಣೆಯಲ್ಲಿ ಅದು ಎಲ್ಲಿ ಕೂತಿದೆ ಎಂಬುದು ದೊಡ್ಡದು. ನಮ್ಮ ನಡುಮನೆ 18 ಅಡಿ ಉದ್ದ, 11 ಅಡಿ ಅಗಲ. ಗಾರೆಗೋಡೆ, ನುಣುಪು ನೆಲ. ಚಪ್ಪಾಳೆ ತಟ್ಟಿದರೆ ಟಣ್ ಎಂದು ಮರುದನಿ ಬರುತ್ತಿತ್ತು. ಮಾತು ಕಲಸಿಹೋಗುವುದು ಇಂಥ ಕಡೆಯೇ. ಮೊದಲು ನೆಲಕ್ಕೆ ದಪ್ಪ ಜಮಖಾನ ಬಂತು. ಆಮೇಲೆ ಗೋಡೆ.

ಗೋಡೆಯ ಯಾವ ಜಾಗಕ್ಕೆ ಸದ್ದು ಬಡಿದು ನಮ್ಮ ಕಿವಿಗೆ ಬರುತ್ತದೆ ಎಂದು ತಿಳಿಯಲು ಒಂದು ಕನ್ನಡಿ ಸಾಕು. ನಾನು ಸೋಫಾದಲ್ಲಿ ಕೂತೆ. ಮಗ ಮುಖ ನೋಡಿಕೊಳ್ಳುವ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಜರುಗಿಸುತ್ತಾ ಹೋದ. ಮೊದಲು ಕಿಟಕಿ ಕಂಡಿತು, ಆಮೇಲೆ ಕ್ಯಾಲೆಂಡರ್, ಆಮೇಲೆ ಅವನ ಮೊಣಕೈ. ಒಂದು ಕಡೆ ಸ್ಪೀಕರಿನ ಮುಖವೇ ಕಂಡಿತು. "ನಿಲ್ಲು, ನಿಲ್ಲು!" ಅಂದೆ. ಅವನು ಪೆನ್ಸಿಲಿನಲ್ಲಿ ಗುರುತು ಹಾಕಿದ. ಬೆಳಕು ಹೇಗೆ ಬಡಿದು ತಿರುಗುತ್ತದೋ ಏರು ದನಿಯೂ ಹಾಗೇ ತಿರುಗುತ್ತದೆ. ಆ ಗುರುತಿನ ಮೇಲೆ ಸದ್ದು ಹೀರುವ ಚೌಕಟ್ಟು ಕೂರಬೇಕು. ಮರದ ರೀಪಿನ ಚೌಕಟ್ಟು, ಒಳಗೆ ಕಲ್ಲಿನಿಂದ ಮಾಡಿದ ಉಣ್ಣೆಯಂಥ ರಾಕ್‌ವುಲ್, ಮೇಲೆ ಹೊದಿಕೆ. ಹೊದಿಕೆಗೆ ನಾವು ತೊಳೆದು ಒಣಗಿಸಿದ ಕಾಫಿ ಗೋಣಿಚೀಲ ಬಳಸಿದೆವು. ಗೋಣಿಯ ನೇಯ್ಗೆ ಸಡಿಲ, ಸದ್ದು ಒಳಗೆ ಹೋಗಲು ಅಡ್ಡಿಯಿಲ್ಲ. ರಾಕ್‌ವುಲ್ಲಿನ ಎಳೆ ಕೈಗೆ ಚುಚ್ಚುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಅದಕ್ಕೆ ಗೋಣಿಯ ಕೆಳಗೆ ಒಂದು ಪದರ ತೆಳು ಹತ್ತಿ ಬಟ್ಟೆ ಸುತ್ತಿದೆವು.

ಸಬ್‌ವೂಫರಿನ ಜಾಗ ಹುಡುಕುವುದು ಇನ್ನೂ ಸೊಗಸು. ಪ್ರತಿ ಕೋಣೆಗೂ ಅದರ ಅಳತೆಗೆ ತಕ್ಕ ಗುಂಗು ಇರುತ್ತದೆ. ಲೆಕ್ಕ ಸುಲಭ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆಯ ಉದ್ದವನ್ನು ಮೀಟರಿಗೆ ತಿರುಗಿಸಿ, ಅದರ ಎರಡರಷ್ಟರಿಂದ ಇದನ್ನು ಭಾಗಿಸಿ. ನಮ್ಮ 18 ಅಡಿಗೆ ಸುಮಾರು 31 ಹರ್ಟ್ಸ್, 11 ಅಡಿಗೆ ಸುಮಾರು 51 ಹರ್ಟ್ಸ್ ಬರುತ್ತದೆ. ಈ ದನಿಗಳು ಕೋಣೆಯ ಕೆಲವು ಕಡೆ ಉಬ್ಬುತ್ತವೆ, ಕೆಲವು ಕಡೆ ಕಾಣೆಯಾಗುತ್ತವೆ. ಹಾಗಾಗಿ ಸಬ್‌ವೂಫರನ್ನು ನಾವು ಕೂರುವ ಜಾಗದಲ್ಲೇ, ಸೋಫಾದ ಮೇಲೆ ಇಟ್ಟು, ಮಂದ್ರದ ಹಾಡೊಂದನ್ನು ಹಾಕಿ, ನಾವು ಗೋಡೆಯ ಪಕ್ಕದಲ್ಲಿ ಅಂಬೆಗಾಲಿಡುತ್ತಾ ಹೋಗಬೇಕು. ದನಿ ಎಲ್ಲಿ ಒಂದೇ ಸಮವಾಗಿ, ಬಿಗಿಯಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಬೇಕು. ನಮ್ಮಲ್ಲಿ ಮೂಲೆಯಲ್ಲಿ ಗುಮ್ಮೆಂದು ಊದಿಕೊಳ್ಳುತ್ತಿತ್ತು. ದೇವರಕೋಣೆಯ ಬಾಗಿಲಿನ ಈಚೆ ಸರಿಹೋಯಿತು. ಸೋಫಾವನ್ನೂ ಹಿಂದಿನ ಗೋಡೆಯಿಂದ ಮೂರಡಿ ಮುಂದಕ್ಕೆ ಎಳೆದೆವು. ಗೋಡೆಗೆ ತಲೆ ಆನಿಸಿ ಕೂತರೆ ಗುಂಗು ಜಾಸ್ತಿ.

ಹಿಂದಿನ ಸ್ಪೀಕರುಗಳು ಕಿವಿಗಿಂತ ಸ್ವಲ್ಪ ಹಿಂದೆ ಇರಬೇಕು. ಟಿವಿಯ ನೇರವನ್ನು ಸೊನ್ನೆ ಅಂದುಕೊಂಡರೆ 110 ಡಿಗ್ರಿಯ ಆಸುಪಾಸು. ಆಮೇಲೆ ರಿಸೀವರ್ ಜೊತೆ ಬಂದ ಪುಟ್ಟ ಮೈಕನ್ನು ಕಿವಿಯ ಎತ್ತರಕ್ಕೆ ನಿಲ್ಲಿಸಿ, ಅಳತೆ ಶುರು ಮಾಡಿಸಿದೆವು. ಪ್ರತಿ ಸ್ಪೀಕರಿನಿಂದ ಹುಯ್ಯ್ ಎಂದು ಸದ್ದು ಬರುತ್ತದೆ. ಯಾವುದು ಎಷ್ಟು ದೂರ, ಯಾವುದು ಎಷ್ಟು ಜೋರು ಎಂದು ರಿಸೀವರೇ ಲೆಕ್ಕ ಹಾಕುತ್ತದೆ. ಹಿಂದಿನದು ಮುಂದಿನದಕ್ಕಿಂತ ನಾಲ್ಕಡಿ ಹತ್ತಿರ ಇದ್ದರೆ ಅದರ ಸದ್ದು ಸುಮಾರು 3.5 ಮಿಲಿಸೆಕೆಂಡ್ ಮೊದಲೇ ಬಂದುಬಿಡುತ್ತದೆ. ರಿಸೀವರ್ ಅದನ್ನು ಅಷ್ಟೇ ಹೊತ್ತು ತಡೆದು ಬಿಡುತ್ತದೆ. ಈ ಅಳತೆಗೆ ಮನೆ ಮೌನವಾಗಿರಬೇಕು. ಫ್ಯಾನ್, ಫ್ರಿಜ್ ಆರಿಸಿ, ಊರು ಮಲಗಿದ ಮೇಲೆ ಮಾಡಿದೆವು. ಮಳೆ ಬೀಳುವಾಗ ಹೆಂಚಿನ ಮನೆಯಲ್ಲಿ ಇದು ಆಗದ ಕೆಲಸ. 80 ಹರ್ಟ್ಸಿನಿಂದ ಕೆಳಗಿನದನ್ನೆಲ್ಲ ಸಬ್‌ವೂಫರಿಗೆ ಒಪ್ಪಿಸಿದೆವು.

ಟಿವಿಯಿಂದ ರಿಸೀವರಿಗೆ ಎಚ್‌ಡಿಎಂಐ ವೈರು ಹೋಗಬೇಕಾದ್ದು ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುವ ಕಿಂಡಿಯಿಂದ. ಬೇರೆ ಕಿಂಡಿಯಿಂದ ದನಿ ವಾಪಸ್ ಬರುವುದಿಲ್ಲ. ಟಿವಿಯ ಸೆಟ್ಟಿಂಗಿನಲ್ಲಿ ಆಡಿಯೊ ಔಟ್‌ಪುಟ್ ಪಿಸಿಎಂ ಎಂದಿದ್ದರೆ ಎಷ್ಟೋ ಟಿವಿಗಳು ಬರೀ ಎರಡು ಚಾನೆಲ್ ಕಳಿಸುತ್ತವೆ. ಐದು ಸ್ಪೀಕರ್ ತಂದು ಎರಡರಲ್ಲೇ ಕೇಳುತ್ತಿರುವವರು ಎಷ್ಟೋ ಜನ ಇದ್ದಾರೆ. ಅದನ್ನು ಆಟೊ ಅಥವಾ ಪಾಸ್‌ಥ್ರೂ ಎಂದು ಬದಲಾಯಿಸಿ. ಮನೆಯಲ್ಲಿ ಸಿಸ್ಟಮ್ ಇದ್ದು ಹಿಂದಿನಿಂದ ಏನೂ ಕೇಳುತ್ತಿಲ್ಲ ಅನ್ನಿಸಿದರೆ ಮೊದಲು ಇದನ್ನು ನೋಡಿ.

ಮೊದಲ ಸಿನಿಮಾ ಅತ್ತೆ ಆರಿಸಿದ್ದು. ಹಳ್ಳಿ ಕತೆಯ ಹೊಸ ಕನ್ನಡ ಸಿನಿಮಾ. ಸೆಂಟರ್ ಸ್ಪೀಕರನ್ನು 3 ಡೆಸಿಬಲ್ ಏರಿಸಿದೆ. ಜಾತ್ರೆಯ ದೃಶ್ಯ ಬಂತು. ಹಿಂದಿನಿಂದ ತಮಟೆ, ಪಕ್ಕದಲ್ಲಿ ಜನರ ಗಲಾಟೆ, ಮಧ್ಯದಲ್ಲಿ ಇಬ್ಬರು ಪಿಸುಮಾತಿನಲ್ಲಿ ಜಗಳ. ನಾನು ಪರದೆ ನೋಡುವುದು ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಪಿಸುಮಾತಿನ ಒಂದು ಉತ್ತರಕ್ಕೆ ಅವರು ನಮಗಿಂತ ಮೊದಲೇ ನಕ್ಕರು. "ಸರಿಯಾಗಿ ಹೇಳ್ದ ನೋಡು ಅವ್ಳಿಗೆ" ಅಂದರು. ಇಡೀ ಸಿನಿಮಾದಲ್ಲಿ ಏನಂದ ಎಂದು ಕೇಳಲಿಲ್ಲ. ನಮ್ಮ ಮನೆಯವರು ನನ್ನ ಕಡೆ ನೋಡಿ ತಲೆದೂಗಿದರು. ಖರ್ಚಿನ ಮಾತು ಅಲ್ಲಿಗೆ ಮುಗಿಯಿತು.

ಅತ್ತೆಗೆ ಇಷ್ಟವಾದ ಹಳೇ ಕಪ್ಪು ಬಿಳುಪು ಸಿನಿಮಾಗಳಿಗೆ ಇನ್ನೊಂದು ಉಪಾಯವಿದೆ. ಅವೆಲ್ಲ ಒಂದೇ ಚಾನೆಲಿನ ದನಿಯವು. ರಿಸೀವರಿನಲ್ಲಿ ಡಾಲ್ಬಿ ಸರೌಂಡ್ ಎಂಬ ಆಯ್ಕೆ ಒತ್ತಿದರೆ ಆ ದನಿಯೆಲ್ಲ ಸೆಂಟರಿಗೆ ಸೇರುತ್ತದೆ. ಮಾತು ಪರದೆಯಿಂದಲೇ ಬಂದಂತೆ ಕೇಳುತ್ತದೆ. ರಾತ್ರಿ ಹೊತ್ತು ಬಳಸಲು ನೈಟ್ ಮೋಡ್ ಇದೆ. ಜೋರು ಸದ್ದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತಿ ಕೊಡುತ್ತದೆ. ಅಕ್ಕಪಕ್ಕದವರ ವಿಷಯದಲ್ಲಿ ಸಬ್‌ವೂಫರ್ ಬಗ್ಗೆ ಎಚ್ಚರ ಬೇಕು. 40 ಹರ್ಟ್ಸಿನ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಅದನ್ನು ಯಾವ ಕಿಟಕಿಯೂ ತಡೆಯುವುದಿಲ್ಲ. ರಾತ್ರಿ 10ರ ನಂತರ ನಮ್ಮಲ್ಲಿ ಸಬ್‌ವೂಫರ್ ಆಫ್.

ಗೇಮಿನ ಸದ್ದು ಬೇರೆಯೇ ಲೋಕ. ಸಿನಿಮಾದ ದನಿ ಮೊದಲೇ ಮಾಡಿಟ್ಟದ್ದು, ಗೇಮಿನದು ಆ ಕ್ಷಣದಲ್ಲಿ ಹುಟ್ಟುವುದು. ಮಗ ಕಾಡಿನಲ್ಲಿ ಅಲೆಯುವ ಆಟ ಆಡುವಾಗ ಹತ್ತಿರ ಕೂತು ಗಮನಿಸಿದೆ. ಎಡಗಡೆ ಹೊಳೆ ಹರಿಯುತ್ತಿತ್ತು. ಅವನು ಆಟದಲ್ಲಿ ಬೆನ್ನು ತಿರುಗಿಸಿದ, ಹೊಳೆ ನಮ್ಮ ಬಲಕ್ಕೆ ಬಂತು! "ಅಮ್ಮಾ, ಹಿಂದ್ಗಡೆ ಯಾರೋ ಬರ್ತಿದಾರೆ" ಎಂದು ಅವನು ಪಿಸುಗುಟ್ಟಿದಾಗ ನನಗೂ ಒಣ ಎಲೆಯ ಮೇಲಿನ ಹೆಜ್ಜೆ ಕೇಳಿಸಿತ್ತು. ಕಾರ್ ರೇಸಿನಲ್ಲಿ ಹಿಂದಿನ ಗಾಡಿ ಯಾವ ಕಡೆಯಿಂದ ನುಗ್ಗುತ್ತದೆ ಎಂದು ಕನ್ನಡಿ ನೋಡದೆ ಹೇಳುತ್ತಾನೆ. ನಮ್ಮ ರಿಸೀವರಿಗೆ 4ಕೆ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮಿನಂತೆ ದಾಟಿಸುವ ಶಕ್ತಿಯಿಲ್ಲ. ಅದಕ್ಕೆ ಪ್ಲೇಸ್ಟೇಷನ್ ವೈರನ್ನು ನೇರ ಟಿವಿಗೆ ಕೊಟ್ಟು, ದನಿಯನ್ನು ಮಾತ್ರ ರಿಸೀವರಿಗೆ ತಂದುಕೊಂಡಿದ್ದೇವೆ. ಗೇಮಿಗೆ ಬ್ಲೂಟೂತ್ ಸ್ಪೀಕರ್ ಬೇಡ. ಗುಂಡಿ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ, ಆಟವೇ ಕೆಟ್ಟುಹೋಗುತ್ತದೆ. ಅವನು ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೂರುವುದು ಕಡಿಮೆಯಾಗಿದೆ. ಅದು ನನಗೆ ಬಹಳ ಸಮಾಧಾನ.

ಹಾಡು ಕೇಳುವಾಗ ಹಿಂದಿನ ಸ್ಪೀಕರ್, ಸೆಂಟರ್ ಎಲ್ಲ ಆಫ್. ಮುಂದಿನ ಎರಡೇ ಸಾಕು. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದಾಗ ಬೆರಳು ತಂತಿಯ ಮೇಲೆ ಜಾರುವ ಸಣ್ಣ ಸದ್ದು ಕೂಡ ಕೇಳಿತು. ಮೀಟು ನಿಂತ ಮೇಲೆ ನಾದ ಉಳಿದು, ತೆಳುವಾಗಿ, ಮುಗಿಯುವವರೆಗೆ ಕಿವಿ ಅದನ್ನು ಹಿಂಬಾಲಿಸುತ್ತದೆ. ಮೊಬೈಲಿನಲ್ಲಿ ಎಷ್ಟು ಸಲ ಕೇಳಿದ್ದರೂ ಆ ಉಳಿಕೆ ನನಗೆ ಸಿಕ್ಕಿರಲಿಲ್ಲ. ಅಶ್ವತ್ಥ್ ಅವರು ಭಾವಗೀತೆಯ ಏರು ಸಾಲಿಗೆ ಹೋಗುವ ಮುಂಚೆ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಕಾಳಿಂಗರಾಯರ ಹಳೇ ರೆಕಾರ್ಡಿನಲ್ಲಿ ಗರಗರವೂ ಜಾಸ್ತಿ ಕೇಳುತ್ತದೆ ನಿಜ. ಇರಲಿ, ಆ ಕಂಠ ಎರಡು ಸ್ಪೀಕರಿನ ನಡುವೆ ಬಂದು ನಿಲ್ಲುವಾಗ ಗರಗರ ಯಾರಿಗೆ ಬೇಕು? ಸ್ಪೀಕರಿಗೆ ಕಠಿಣ ಪರೀಕ್ಷೆ ಅಂದರೆ ನಮ್ಮ ಯಕ್ಷಗಾನದ ಚಂಡೆ. ಪೆಟ್ಟು ಥಟ್ಟನೆ ಬಂದು ಥಟ್ಟನೆ ನಿಲ್ಲಬೇಕು. ಅಗ್ಗದ ಸ್ಪೀಕರಿನಲ್ಲಿ ಅದು ಡಬ್ಬ ಬಡಿದಂತೆ ಆಗುತ್ತದೆ. ಕೊಳ್ಳಲು ಹೋಗುವವರು ಚಂಡೆಯ ರೆಕಾರ್ಡ್ ಒಂದನ್ನು ಜೊತೆಗೆ ಒಯ್ಯಿರಿ.

ಇಲ್ಲಿ ಸಿಸ್ಟಮ್ ಇಟ್ಟುಕೊಳ್ಳುವುದಕ್ಕೆ ಆಕಾಶವನ್ನೂ ನೋಡುತ್ತಿರಬೇಕು. ಅಶ್ವಿನಿ, ಭರಣಿ ಮಳೆಯ ಕಾಲದಲ್ಲಿ ಗುಡುಗು ಸಿಡಿಲು ಜಾಸ್ತಿ. ಮೋಡ ಕಟ್ಟಿದ ಕೂಡಲೇ ಪ್ಲಗ್, ಕೇಬಲ್ ವೈರು, ಇಂಟರ್ನೆಟ್ಟಿನ ತಾಮ್ರದ ವೈರು ಎಲ್ಲವನ್ನೂ ಕೀಳುತ್ತೇವೆ. ಸ್ವಿಚ್ ಆರಿಸಿದರೆ ಸಾಲದು. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಇದೆ. ಯುಪಿಎಸ್‌ಗೆ ಜೋಡಿಸುವುದಾದರೆ ಸೈನ್ ವೇವ್ ಯುಪಿಎಸ್ ಇರಲಿ, ಸ್ಕ್ವೇರ್ ವೇವ್ ಆದರೆ ಸ್ಪೀಕರಿನಲ್ಲಿ ಗುಂಯ್ ಬರಬಹುದು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಹೆಂಚಿನ ಮೇಲಿನ ಸದ್ದಿಗೆ ಸೆಂಟರನ್ನು ಇನ್ನೂ ಒಂದೆರಡು ಡೆಸಿಬಲ್ ಏರಿಸಬೇಕಾಗುತ್ತದೆ. ಬಿಸಿಲು ಕಾಣದ ವಾರಗಳಲ್ಲಿ ದಿನಾ ಸ್ವಲ್ಪ ಹೊತ್ತು ರಿಸೀವರ್ ಹಾಕಿಟ್ಟರೆ ಅದರ ಬಿಸಿಗೇ ತೇವ ಒಣಗುತ್ತದೆ. ಮಳೆಗಾಲ ಮುಗಿದ ಮೇಲೆ ವೈರಿನ ತುದಿಗಳನ್ನು ಬಿಚ್ಚಿ, ಕಪ್ಪಾಗಿದ್ದರೆ ಉಜ್ಜಿ ಮತ್ತೆ ಬಿಗಿಯಬೇಕು.

ಈಗ ಅಟ್ಟದಿಂದ ಮಾವನ ಕ್ಯಾಸೆಟ್ ಪೆಟ್ಟಿಗೆ ಇಳಿಸಿದ್ದೇವೆ. ಶೃಂಗೇರಿ, ಕೊಪ್ಪದ ಕಡೆ ಹೋದಾಗ ಅವರು ರೆಕಾರ್ಡ್ ಮಾಡಿಕೊಂಡ ತಾಳಮದ್ದಳೆಗಳು. ಕೆಲವಕ್ಕೆ ಬೂಷ್ಟು ಬಂದಿದೆ, ಅವನ್ನು ಬೇರೆ ಇಟ್ಟಿದ್ದೇವೆ. ಪ್ಲೇಯರಿನ ಬೆಲ್ಟ್ ಜಿಗುಟಾಗಿತ್ತು, ಹೊಸದು ಹಾಕಿಸಿದ್ದಾಯಿತು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಕಂದು ಧೂಳು ಬಂತು. ರಿಸೀವರಿನ ಹಿಂದೆ ಕೆಂಪು ಬಿಳಿ ಆರ್‌ಸಿಎ ಕಿಂಡಿ ಇದೆ, ಅಲ್ಲಿಗೆ ಜೋಡಿಸಿದ್ದೇವೆ. ಭಾನುವಾರ ಮಧ್ಯಾಹ್ನ ಒಂದು ಕ್ಯಾಸೆಟ್ ಹಾಕುತ್ತೇವೆ. ಅರ್ಥಧಾರಿಗಳ ವಾದ ಏರುವಾಗ ಯಾರ ದನಿ ಯಾರದು ಎಂದು ಅತ್ತೆ ಹೇಳುತ್ತಾ ಹೋಗುತ್ತಾರೆ, ಮಗ ಅದನ್ನು ಕ್ಯಾಸೆಟ್ಟಿನ ಚೀಟಿಯಲ್ಲಿ ಬರೆದುಕೊಂಡು ಲ್ಯಾಪ್‌ಟಾಪಿಗೆ ಇಳಿಸುತ್ತಾನೆ.